ಹಾಡಬಾರದ ಪೆಟ್ಟಿಗೆ

ವೀಣೆಯ ಕೊಡಕ್ಕೆ ಹಲಸಿನ ಮರವನ್ನು ಆರಿಸುವುದು ತಂತಿಯ ಜೊತೆ ಅದೂ ನುಡಿಯಲಿ ಎಂದು. ಧ್ವನಿವರ್ಧಕದ ಪೆಟ್ಟಿಗೆಯ ವಿಷಯ ಇದಕ್ಕೆ ತದ್ವಿರುದ್ಧ. ಒಳಗಿನ ಸ್ಪೀಕರ್ ನುಡಿದದ್ದಷ್ಟೇ ಕೇಳಿಸಬೇಕು. ಪೆಟ್ಟಿಗೆ ತನ್ನದೇನನ್ನೂ ಸೇರಿಸಬಾರದು. ಮರವನ್ನು ಸುಮ್ಮನಿರಿಸುವುದು ಹೇಗೆ ಎಂಬ ಪ್ರಶ್ನೆಗೆ ಬ್ರಿಟನ್ನಿನಲ್ಲಿ ಒಂದಕ್ಕೊಂದು ಎದುರಾದ ಎರಡು ಉತ್ತರಗಳು ಹುಟ್ಟಿದವು.

ಪೆಟ್ಟಿಗೆಯೇ ಬೇಡ ಎನ್ನುವಂತಿಲ್ಲ. ಸ್ಪೀಕರಿನ ಕೋನ್ ಗಾಳಿಯನ್ನು ಮುಂದಕ್ಕೆ ತಳ್ಳಿದಾಗ ಹಿಂಬದಿಯಲ್ಲಿ ಅಷ್ಟೇ ಗಾಳಿಯನ್ನು ಸೆಳೆಯುತ್ತದೆ. ನಡುವೆ ತಡೆಯಿಲ್ಲದಿದ್ದರೆ ಮಂದ್ರ ಸ್ವರಗಳಲ್ಲಿ ಹಿಂದಿನ ಅಲೆ ಮುಂದಿನದನ್ನು ಅಳಿಸಿಹಾಕುತ್ತದೆ. ಪೆಟ್ಟಿಗೆ ಆ ತಡೆ. ಆದರೆ ಒಳಗೆ ಸಿಕ್ಕಿಕೊಂಡ ಅಲೆ ಹಲಗೆಗಳನ್ನು ನಡುಗಿಸಿ, ಅವು ತಮ್ಮದೇ ಶ್ರುತಿಯಲ್ಲಿ ಗುಂಯ್‌ಗುಡುತ್ತವೆ.

ಆಕಾರದ ಪ್ರಶ್ನೆಯನ್ನು ಅಮೆರಿಕದ ಆರ್‌ಸಿಎ ಸಂಸ್ಥೆಯ ಹ್ಯಾರಿ ಓಲ್ಸನ್ ಪರೀಕ್ಷಿಸಿ 1951ರಲ್ಲಿ ಫಲಿತಾಂಶ ಪ್ರಕಟಿಸಿದರು. ಹನ್ನೆರಡು ಆಕಾರಗಳಲ್ಲಿ ಗೋಳದ ಧ್ವನಿ ಎಲ್ಲಕ್ಕಿಂತ ಸಮವಾಗಿತ್ತು. ಘನಾಕಾರದ್ದು ಏರುಪೇರಾಗಿತ್ತು. ಮಧ್ಯದಲ್ಲಿ ಕೂತ ಸ್ಪೀಕರಿನಿಂದ ಎಲ್ಲ ಅಂಚುಗಳೂ ಸರಿಸುಮಾರು ಒಂದೇ ದೂರದಲ್ಲಿರುವುದರಿಂದ ಅಲೆಗಳು ಅಲ್ಲಿ ಒಟ್ಟಿಗೇ ಚದುರಿ ಮೂಲ ಧ್ವನಿಯಲ್ಲಿ ಬೆರೆಯುತ್ತವೆ. ಮರದಲ್ಲಿ ಗೋಳ ಮಾಡುವುದು ಕಷ್ಟ. ಹಾಗಾಗಿ ಬಡಗಿಗೆ ಒಗ್ಗುವ ಆಯತಾಕಾರವೇ ಉಳಿಯಿತು.

ಇನ್ನು ಹಲಗೆ. ವಾರ್ಫ್‌ಡೇಲ್ ಕಂಪನಿ ಕಟ್ಟಿದ ಗಿಲ್ಬರ್ಟ್ ಬ್ರಿಗ್ಸ್ ಅವರದು ಭಾರದ ದಾರಿ. ಎರಡು ಪ್ಲೈವುಡ್ ಹಾಳೆಗಳ ನಡುವೆ ಒಣ ಮರಳು ತುಂಬಿಸಿದರು. ಕೋಣೆಯ ಮೂಲೆಯಲ್ಲಿ ಇಟ್ಟಿಗೆಯಿಂದಲೇ ಸ್ಪೀಕರಿನ ಗೂಡು ಕಟ್ಟಿಸಿದರು. ಅಲ್ಲಾಡದ ಗೋಡೆ ಸದ್ದು ಮಾಡದು ಎಂಬುದು ಅವರ ಲೆಕ್ಕ.

ಬಿಬಿಸಿಯ ಸಂಶೋಧನಾ ವಿಭಾಗದಲ್ಲಿದ್ದ ಎಚ್. ಡಿ. ಹಾರ್ವುಡ್ ಮತ್ತು ಸಂಗಡಿಗರು ಬೇರೆ ದಾರಿ ಹಿಡಿದರು. ಹಲಗೆಯನ್ನು ದಪ್ಪ, ಗಡುಸು ಮಾಡಿದರೆ ಅದರ ಕಂಪನ ನಿಲ್ಲುವುದಿಲ್ಲ. ಕಿವಿ ಹೆಚ್ಚು ಸೂಕ್ಷ್ಮವಾಗಿರುವ ಮೇಲಿನ ಸ್ವರಗಳಿಗೆ ಏರಬಹುದು. ಅದರ ಬದಲು ತೆಳು ಬರ್ಚ್ ಪ್ಲೈವುಡ್ಡಿಗೆ ಒಳಗಿನಿಂದ ಡಾಂಬರಿನಂಥ ಭಾರದ ಪದರ ಅಂಟಿಸಿದರೆ ಕಂಪನ ಕೆಳಸ್ವರಕ್ಕೆ ಇಳಿಯುತ್ತದೆ, ಬೇಗ ಸಾಯುತ್ತದೆ. ಮನುಷ್ಯನ ಮಾತು ಕೆಡದೆ ಉಳಿಯುತ್ತದೆ.

ಬಿಬಿಸಿಗೆ ಬೇಕಾದದ್ದು ಅದೇ. ಹೊರಾಂಗಣ ಪ್ರಸಾರದ ವ್ಯಾನಿನ ಇಕ್ಕಟ್ಟಿನಲ್ಲಿ ಕೂತ ಎಂಜಿನಿಯರ್ ವಾರ್ತೆ ಓದುವವರ ದನಿ ಸರಿಯಿದೆಯೇ ಎಂದು ನಿರ್ಣಯಿಸಬೇಕಿತ್ತು. ಪೆಟ್ಟಿಗೆಯ ಗುಂಯ್ ದನಿಯೊಳಗೆ ಸೇರಿದರೆ ಅವರು ಇಲ್ಲದ ದೋಷವನ್ನು ತಿದ್ದಲು ಹೋಗಿ, ಇದ್ದ ದನಿಯನ್ನೇ ಕೆಡಿಸಿ ಪ್ರಸಾರಕ್ಕೆ ಕಳಿಸುತ್ತಿದ್ದರು. ಆ ಕೆಲಸಕ್ಕೆಂದು 1970ರ ದಶಕದಲ್ಲಿ ಎಲ್‌ಎಸ್3/5ಎ ಬಂತು: ಸುಮಾರು 30 ಸೆಂ.ಮೀ. ಎತ್ತರ, 12 ಮಿ.ಮೀ. ಬರ್ಚ್ ಪ್ಲೈವುಡ್. ಹಲಗೆಗಳು ಕೂಡುವ ಮೂಲೆಗಳಿಗೆ ಬೀಚ್ ಮರದ ಪಟ್ಟಿಗಳು. ಅವುಗಳ ಜಾಗದಲ್ಲಿ ಪರಾನಾ ಪೈನ್ ಬಳಸಿದಾಗ ಧ್ವನಿಯ ಬಣ್ಣವೇ ಬದಲಾಯಿತು. ಹೀಗಾಗಿ ಹೊರಗೆ ಕಾಣದ ಆ ಪಟ್ಟಿಗೂ ಇಂಥದ್ದೇ ಮರ ಎಂಬ ಕಟ್ಟಳೆ ಬಂತು.

ಇಂದಿಗೂ ಸ್ಪೀಕರ್ ಕೊಳ್ಳುವಾಗ ಗೆಣ್ಣಿನಿಂದ ತಟ್ಟಿ, ಸದ್ದು ಗಟ್ಟಿಯಿದ್ದರೆ ಮಾಲು ಒಳ್ಳೆಯದು ಎನ್ನುವವರಿದ್ದಾರೆ. ಬೆರಳ ಗೆಣ್ಣು ಹಲಗೆಯ ಗಡುಸುತನವನ್ನಷ್ಟೇ ಹೇಳುತ್ತದೆ. ಪೆಟ್ಟಿಗೆ ಸುಮ್ಮನಿದೆಯೇ ಎಂದು ತಿಳಿಯಲು ಪರಿಚಿತರೊಬ್ಬರ ಮಾತನ್ನು ಅದರಲ್ಲಿ ಕೇಳಬೇಕು.