ಅಟ್ಟದಲ್ಲಿ ಉಳಿದ ಅಡಿಕೆ

ಬಿ.ಸಿ.ರೋಡ್ ಎಂದರೆ ಬಂಟ್ವಾಳ ಕ್ರಾಸ್ ರೋಡ್. ಊರಿಗೆ ದಾರಿಯದೇ ಹೆಸರು. ಹಳೆಯ ಬಂಟ್ವಾಳ ಪೇಟೆ ಬೆಳೆದದ್ದು ನೇತ್ರಾವತಿಯ ದೋಣಿಗಳನ್ನು ನಂಬಿ. ಲಾರಿಗಳ ಕಾಲ ಬಂದಾಗ ವ್ಯಾಪಾರ ಹೊಳೆಯ ದಡ ಬಿಟ್ಟು, ಬೆಂಗಳೂರಿನ ಹೆದ್ದಾರಿಯಿಂದ ಚಾರ್ಮಾಡಿಯ ದಾರಿ ಕವಲೊಡೆಯುವ ಕಡೆಗೆ ಸರಿಯಿತು. ಇಲ್ಲಿನ ವ್ಯಾಪಾರದ ಚರಿತ್ರೆಯನ್ನು ಹೀಗೆ ದಾರಿಗಳ ಕತೆಯಾಗಿ ಹೇಳುವುದು ರೂಢಿ. ಅಡಿಕೆಯ ಮಟ್ಟಿಗೆ ಅದು ಅರ್ಧ ಕತೆ ಎಂದು ನನ್ನ ವಾದ. ಮಾಲು ಯಾವ ದಾರಿಯಲ್ಲಿ ಹೋಗಬೇಕೆಂಬುದನ್ನು ಹೊಳೆ, ರಸ್ತೆಗಳು ಗೊತ್ತುಮಾಡಿದವು; ಯಾವಾಗ ಹೊರಡಬೇಕೆಂಬುದನ್ನು ಗೊತ್ತುಮಾಡಿದವನು ಬೆಳೆಗಾರ.

ಕರಾವಳಿಯ ಚಾಲಿ ಅಡಿಕೆಯ ಗುಣವೇ ಈ ಅಧಿಕಾರವನ್ನು ಅವನಿಗೆ ಕೊಟ್ಟಿತು. ಹಣ್ಣಡಿಕೆಯನ್ನು ಅಂಗಳದಲ್ಲಿ ಹರಡಿ, ಸುಮಾರು ನಲವತ್ತು ದಿನ ಬಿಸಿಲಿಗೆ ಒಣಗಿಸಿ, ಸುಲಿದು ಗೋಣಿಗೆ ತುಂಬಿದರೆ ಅದು ಹಾಲಿನಂತೆ ಕೆಡುವ ಸರಕಲ್ಲ. ಹೊಸ ಅಡಿಕೆಗಿಂತ ವರ್ಷ ಕಳೆದ ಹಳೆ ಅಡಿಕೆಗೆ ಸಾಮಾನ್ಯವಾಗಿ ಧಾರಣೆ ಹೆಚ್ಚು. ಹಾಗಾಗಿ ಪ್ರತಿ ಮನೆಯ ಅಟ್ಟವೂ ಒಂದು ಗೋದಾಮು, ಮನೆಯ ಯಜಮಾನನೇ ಅದರ ಅಧಿಕಾರಿ. ಧಾರಣೆ ಏರುತ್ತಿದ್ದರೆ ಇನ್ನಷ್ಟು ಏರಲೆಂದು ಹಿಡಿದಿಡುತ್ತಾನೆ. ಪೇಟೆಗೆ ಮಾಲು ಬಾರದೆ ಧಾರಣೆ ಮತ್ತೂ ಏರುತ್ತದೆ. ಇಳಿಯತೊಡಗಿದರೆ ಎಲ್ಲರೂ ಒಟ್ಟಿಗೆ ಹೆದರಿ ಗೋಣಿ ಹೊರಿಸುತ್ತಾರೆ. ಆಗ ಇಳಿತ ಕುಸಿತವಾಗುತ್ತದೆ. ಒಬ್ಬೊಬ್ಬನ ಲೆಕ್ಕವೂ ಸರಿಯೇ. ಎಲ್ಲರೂ ಅದೇ ಲೆಕ್ಕ ಹಾಕುವುದರಿಂದ ಕೆಡುವುದು ಒಟ್ಟು ವ್ಯವಹಾರ.

1970ರ ದಶಕದ ಆರಂಭದ ಧಾರಣೆ ಕುಸಿತವನ್ನು ಈ ಬೆಳಕಿನಲ್ಲಿ ನೋಡಬೇಕು. ಅಡಿಕೆ ಗಿಡ ಫಲ ಕೊಡಲು ಐದಾರು ವರ್ಷ ಬೇಕು. ಒಳ್ಳೆಯ ಧಾರಣೆಯ ವರ್ಷ ನೆಟ್ಟ ತೋಟಗಳ ಫಸಲು ಪೇಟೆಗೆ ಬರುವಾಗ ಆ ಧಾರಣೆ ಉಳಿದಿರುತ್ತದೆಂಬ ಖಾತರಿಯಿಲ್ಲ. ಆ ಕುಸಿತದ ಬೆನ್ನಲ್ಲೇ ಬಂಟ್ವಾಳ ತಾಲೂಕಿನ ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರ ಜುಲೈ 11ರಂದು ಹುಟ್ಟಿದ ಕ್ಯಾಂಪ್ಕೊ, ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ಬೆಳೆಗಾರರ ಸಹಕಾರಿ ಸಂಸ್ಥೆ. ಅದರ ದೊಡ್ಡ ಕೆಲಸ ಅಡಿಕೆ ಕೊಂಡದ್ದಕ್ಕಿಂತಲೂ, ಕೊಳ್ಳುವವರು ನಾಳೆಯೂ ಇರುತ್ತಾರೆಂಬ ಧೈರ್ಯ ಕೊಟ್ಟದ್ದು. ಅದೇ ಹೊತ್ತಿಗೆ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ಗೇಣಿ ಒಕ್ಕಲನ್ನು ಜಮೀನಿನ ಒಡೆಯನನ್ನಾಗಿಸಿತು. ಮುಂದೆ ಎಷ್ಟೋ ಗದ್ದೆಗಳು ತೋಟಗಳಾದವು. ಧಣಿಯೊಬ್ಬ ನಿರ್ಧರಿಸುತ್ತಿದ್ದಲ್ಲಿ ಹತ್ತಾರು ಜನ ನಿರ್ಧರಿಸತೊಡಗಿದರು. ಈ ಭಾಗದ ಅಡಿಕೆ ವ್ಯಾಪಾರಕ್ಕೆ ಯಾವ ಸೇತುವೆಗಿಂತಲೂ ದೊಡ್ಡ ಬದಲಾವಣೆ ಇದೆಂದು ನನಗೆ ಅನ್ನಿಸುತ್ತದೆ.

ಮಳೆ, ಕೊಳೆರೋಗ, ಆಮದು ಇವುಗಳ ಮುಂದೆ ಬೆಳೆಗಾರನ ನಿರ್ಧಾರ ಎಷ್ಟರದು ಎಂದು ಕೇಳಬಹುದು. ಇವು ಫಸಲಿನ ಗಾತ್ರವನ್ನೂ ಧಾರಣೆಯನ್ನೂ ಬದಲಿಸುತ್ತವೆ, ನಿಜ. ಆದರೆ ಇದ್ದ ಅಡಿಕೆ ಪೇಟೆಗೆ ಬರುವ ವಾರವನ್ನು ಅವು ಗೊತ್ತುಮಾಡುವುದಿಲ್ಲ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಸಾಲ ತೀರಿಸಬೇಕಾದವನಿಗೆ, ಮಗಳ ಮದುವೆ ಎದುರಿಗಿರುವವನಿಗೆ ಕಾಯುವ ಸ್ವಾತಂತ್ರ್ಯ ಎಲ್ಲಿದೆ? ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಕಾಯಬಲ್ಲವನಿಗೆ ಹಳೆ ಅಡಿಕೆಯ ಧಾರಣೆ, ಕಾಯಲಾರದವನಿಗೆ ಹೊಸ ಅಡಿಕೆಯದು. ಸಹಕಾರಿ ಸಂಘಗಳ ಸಾಲ ಈ ಅಂತರವನ್ನು ಸ್ವಲ್ಪ ತಗ್ಗಿಸಿದ್ದರಿಂದಲೇ ಅವು ಅಡಿಕೆ ವ್ಯಾಪಾರದ ಚರಿತ್ರೆಗೂ ಸೇರುತ್ತವೆ.

ಕಾಯುವ ಸ್ವಾತಂತ್ರ್ಯವೇ ಬೆಳೆಗಾರನ ಬಲ ಎಂಬುದಕ್ಕೆ ಅಡಿಕೆ ತೋಟಗಳ ನಡುವೆ ನೆಟ್ಟ ಕೊಕ್ಕೊ ಇನ್ನೂ ಸ್ಪಷ್ಟವಾದ ಸಾಕ್ಷಿ. ಹಸಿ ಬೀಜವನ್ನು ಅಟ್ಟಕ್ಕೆ ಏರಿಸಿ ಕಾಯುವಂತಿಲ್ಲ. 1980ರ ಹೊತ್ತಿಗೆ ಖಾಸಗಿ ಖರೀದಿ ಹಿಂದೆ ಸರಿದಾಗ ಬೆಳೆಗಾರನ ಕೈಯಲ್ಲಿ ಯಾವ ನಿರ್ಧಾರವೂ ಉಳಿಯಲಿಲ್ಲ. ಕ್ಯಾಂಪ್ಕೊ ಕೊಕ್ಕೊ ಕೊಳ್ಳಲು ಮುಂದೆ ಬಂದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿತು. ಅಡಿಕೆಗೆ ಅಟ್ಟ ಮಾಡುತ್ತಿದ್ದ ಕೆಲಸವನ್ನು ಕೊಕ್ಕೊಗೆ ಆ ಕಾರ್ಖಾನೆ ಮಾಡಬೇಕಾಯಿತು.