ತಿಂಗಳ ದಿನಚರಿ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ

ತಿಂಗಳ ಕೆಲಸ, ಕೂಟ, ಹರಕೆ, ಸಾಲದ ಕಂತುಗಳನ್ನು ಮೊದಲೇ ದಿನಗಳಿಗೆ ಹಂಚಿಡುವ ಪದ್ಧತಿ. ದಕ್ಷಿಣ ಕನ್ನಡದ ಈ ಸೀಮೆಯಲ್ಲಿ ಅದು ಗೋಡೆಯ ಕ್ಯಾಲೆಂಡರಿಗಿಂತ ಎಷ್ಟೋ ಹಳೆಯದು.

ತುಳುನಾಡಿನ ತಿಂಗಳು ಸೌರಮಾನದ್ದು, ಸಂಕ್ರಮಣದಿಂದ ಸಂಕ್ರಮಣಕ್ಕೆ. ಏಪ್ರಿಲ್ ಮಧ್ಯದ ಬಿಸುವಿಗೆ ಪಗ್ಗು ಹುಟ್ಟುತ್ತದೆ. ಬೇಶ, ಕಾರ್ತೆಲ್, ಆಟಿ, ಸೋಣ ಹಿಂದೆಯೇ ಬರುತ್ತವೆ. ತಿಥಿ ನೋಡಲು ಪಂಚಾಂಗ ಬೇಕು. ಇಲ್ಲಿ ದಿನ ಎಣಿಸಿದರೆ ಸಾಕು. 'ಬೇಶ ಹತ್ತು' ಎಂದರೆ ಪತ್ತನಾಜೆ, ಸುಮಾರಾಗಿ ಮೇ 24. ಅಂದಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ-ಜಾತ್ರೆಗಳು ನಿಲ್ಲುತ್ತವೆ, ಊರು ಗದ್ದೆಗೆ ತಿರುಗುತ್ತದೆ. ಆಟಿಯಲ್ಲಿ ಮದುವೆಯಿಲ್ಲ. ಅಕ್ಷರ ಬಾರದ ಒಕ್ಕಲಿಗೂ ವರ್ಷದ ಯೋಜನೆ ಬಾಯಲ್ಲೇ ಇತ್ತು.

ಬಂಟ್ವಾಳ ತಾಲೂಕಿನ ಪೊಳಲಿ ರಾಜರಾಜೇಶ್ವರಿ ದೇವಸ್ಥಾನದ ರೂಢಿ ಇನ್ನೂ ಸ್ವಾರಸ್ಯದ್ದು. ಮೀನ ಸಂಕ್ರಮಣಕ್ಕೆ ಕೊಡಿ (ಧ್ವಜ) ಏರುತ್ತದೆ. ಆ ಸಲದ ಜಾತ್ರೆ ಎಷ್ಟು ದಿನ ಎಂಬುದು ಘೋಷಣೆಯಾಗುವುದು ಆಮೇಲೆ. ಹೆಚ್ಚುಕಡಿಮೆ ಒಂದು ತಿಂಗಳ ಉತ್ಸವ, ಕೊನೆಯಲ್ಲಿ ಐದು ದಿನದ 'ಪುರಲ್ದ ಚೆಂಡು' ಎಂಬ ಚೆಂಡಾಟ. ಹಿಂದಿನ ಡಿಸೆಂಬರಿನಲ್ಲೇ ಅಚ್ಚಾದ ಕ್ಯಾಲೆಂಡರು ಇದನ್ನು ಹೇಗೆ ಹೇಳೀತು? ಸುತ್ತಲಿನವರು ಮನೆಯ ಕಾರ್ಯಗಳನ್ನು ಆ ಘೋಷಣೆ ಕೇಳಿಯೇ ಹೊಂದಿಸಿಕೊಳ್ಳಬೇಕು.

ಮುದ್ರಣ 1841ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದೊಂದಿಗೆ ಜಿಲ್ಲೆಗೆ ಬಂತು. ಕಚೇರಿ, ಶಾಲೆಗಳು ಇಂಗ್ಲಿಷ್ ತಾರೀಕು ರೂಢಿಸಿದವು. ಈಗ ಅಂಗಡಿ, ಸಹಕಾರಿ ಸಂಘಗಳು ಹಂಚುವ ಕ್ಯಾಲೆಂಡರುಗಳ ಚೌಕದಲ್ಲಿ ದೊಡ್ಡ ಅಂಕಿ ಇಂಗ್ಲಿಷಿನದು, ಮೂಲೆಯ ಪುಟ್ಟ ಅಂಕಿ ಸೌರಮಾನದ್ದು. ಮನೆಯ ಹಿರಿಯರ ಕಣ್ಣು ಹೋಗುವುದು ಆ ಪುಟ್ಟದಕ್ಕೇ.

ವಾರವನ್ನು ಘಟಕವಾಗಿ ಗಟ್ಟಿಮಾಡಿದ್ದು ಬೆಳ್ತಂಗಡಿ. 1982ರಲ್ಲಿ ಅಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಪ್ರಗತಿಬಂಧು ಗುಂಪುಗಳಲ್ಲಿ ಸಣ್ಣ ರೈತರು ವಾರಕ್ಕೊಂದು ದಿನ ಸರದಿಯಂತೆ ಒಬ್ಬೊಬ್ಬರ ಹೊಲದಲ್ಲಿ ದುಡಿಯುತ್ತಾರೆ. ವಾರದ ಸಭೆ, ಉಳಿತಾಯ, ಕಂತು ಎಲ್ಲವೂ ಪುಸ್ತಕಕ್ಕೆ ಏರುತ್ತವೆ. 'ಇವತ್ತು ಸಂಘ ಉಂಟು' ಎಂದರೆ ಬೇರೆ ಕೆಲಸ ಬದಿಗೆ.

ಕೋಣಗಳ ಓಟವಾದ ಕಂಬಳದ ವೇಳಾಪಟ್ಟಿ ಮತ್ತೊಂದು ಬಗೆ. ಮೂಡುಬಿದಿರೆಯ ಕಡಲಕೆರೆ, ಬೆಳ್ತಂಗಡಿಯ ವೇಣೂರು, ಬಂಟ್ವಾಳದ ಹೊಕ್ಕಾಡಿಗೋಳಿ ಮುಂತಾದ ಕರೆಗಳಲ್ಲಿ (ಓಟದ ಗದ್ದೆಗಳಲ್ಲಿ) ಓಡುವುದು ಬಹುಮಟ್ಟಿಗೆ ಅವೇ ಕೋಣಗಳು. ಹಾಗಾಗಿ ನವೆಂಬರಿನಿಂದಾಚೆ ಶನಿವಾರಗಳನ್ನು ಊರುಗಳಿಗೆ ಮೊದಲೇ ಹಂಚಲಾಗುತ್ತದೆ. ಇಂಥ ಓಟಗಳಿಗೆ ತಡೆಯೊಡ್ಡಿದ 2014ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಈ ಪಟ್ಟಿ ಅಸ್ತವ್ಯಸ್ತವಾಗಿತ್ತು. ಕಂಬಳಕ್ಕೆ ಅನುಮತಿ ಕೊಟ್ಟ ರಾಜ್ಯದ ತಿದ್ದುಪಡಿ ಕಾಯ್ದೆಯನ್ನು 2023ರಲ್ಲಿ ಅದೇ ನ್ಯಾಯಾಲಯ ಎತ್ತಿಹಿಡಿಯಿತು.

ತಿಂಗಳ ಚೌಕಕ್ಕೆ ಸಿಗದ ಲೆಕ್ಕವೂ ಇದೆ. 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ ವೇಣೂರಿನ ಬಾಹುಬಲಿಗೆ 12 ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ: 2000, 2012, 2024. ಕಟೀಲು ಯಕ್ಷಗಾನ ಮೇಳದ ಹರಕೆಯಾಟಕ್ಕೆ ಹೆಸರು ಬರೆಸಿದ ಮನೆಯವರೂ ವರ್ಷಗಟ್ಟಲೆ ಕಾಯುತ್ತಾರೆ.