ವಿಮಾನ ನಿಲ್ದಾಣದ ನೆರೆಯ ಮನೆಗಳಲ್ಲಿ ಸದ್ದಿನ ನಿವಾರಣೆ: ತಿಳಿದಿರಬೇಕಾದ ಸಂಗತಿಗಳು

ಸಾಂತಾಕ್ರೂಜ್, ವಿಲೇಪಾರ್ಲೆ, ಕಲೀನಾ, ಕುರ್ಲಾ, ಸಾಕಿನಾಕಾ, ಘಾಟ್ಕೋಪರ್ ಎಂಬ ಹೆಸರುಗಳನ್ನು ಕೇಳಿದೊಡನೆ ಮುಂಬಯಿಯ ನಮ್ಮ ಓದುಗರಲ್ಲಿ ಅನೇಕರಿಗೆ ಸ್ವಂತ ಮನೆಯ ವಿಳಾಸವೇ ನೆನಪಾಗುವುದು. ಸಾಂತಾಕ್ರೂಜ್‌ನ ಬಿಲ್ಲವ ಭವನವಾಗಲಿ, ಪೇಜಾವರ ಮಠವಾಗಲಿ, ಕುರ್ಲಾದ ಬಂಟರ ಭವನವಾಗಲಿ ವಿಮಾನ ನಿಲ್ದಾಣದಿಂದ ಬಹುದೂರದಲ್ಲಿಲ್ಲ. ತಾಳಮದ್ದಳೆಯ ಅರ್ಥಧಾರಿಯು ವಾದದ ತುತ್ತತುದಿಯಲ್ಲಿರುವಾಗ ನೆತ್ತಿಯ ಮೇಲೆ ವಿಮಾನ ಹಾದುಹೋಗಿ, ಅವರು ಕ್ಷಣಕಾಲ ಸುಮ್ಮನಿದ್ದು, ಬಳಿಕ ಅದನ್ನೇ ಹಾಸ್ಯಕ್ಕೆ ಒದಗಿಸಿಕೊಂಡದ್ದನ್ನು ನಾವು ಕಂಡಿದ್ದೇವೆ. ಸಭೆಯಲ್ಲಾದರೆ ನಗು. ಆದರೆ ಪರೀಕ್ಷೆಗೆ ಓದುವ ಮಗುವಿರುವ ಮನೆಯಲ್ಲಿ, ರಕ್ತದೊತ್ತಡದ ಹಿರಿಯರು ರಾತ್ರಿ ಎರಡು ಗಂಟೆಗೆ ಎಚ್ಚೆತ್ತು ಕೂರುವ ಮನೆಯಲ್ಲಿ ಇದು ನಗುವ ಮಾತಲ್ಲ. ದೆಹಲಿಯ ವಸಂತಕುಂಜ್ ಮತ್ತು ಬಿಜ್ವಾಸನ್, ಪುಣೆಯ ಲೋಹೆಗಾಂವ್ ಮತ್ತು ವಿಮಾನನಗರ, ಚೆನ್ನೈಯ ಮೀನಂಬಾಕ್ಕಂ ಮತ್ತು ಪಲ್ಲಾವರಂ ನಿವಾಸಿಗಳ ಪಾಡೂ ಇದೇ. ಬೆಂಗಳೂರಿನ ಎಚ್.ಎ.ಎಲ್. ನಿಲ್ದಾಣದ ಸುತ್ತಮುತ್ತಲಿನವರಿಗೆ 2008ರ ಮೇ ತಿಂಗಳಲ್ಲಿ ಪ್ರಯಾಣಿಕ ವಿಮಾನಗಳು ದೇವನಹಳ್ಳಿಗೆ ಸ್ಥಳಾಂತರಗೊಂಡಾಗ ಬಿಡುಗಡೆ ದೊರೆಯಿತು. ಹೈದರಾಬಾದಿನ ಬೇಗಂಪೇಟೆಯವರಿಗೂ ಅದೇ ವರ್ಷ ಆ ಭಾಗ್ಯ ಲಭಿಸಿತು. ಉಳಿದವರು ಮನೆಯೊಳಗೇ ಉಪಾಯ ಹುಡುಕಬೇಕಾಗಿದೆ.

ಸದ್ದಿನ ಲೆಕ್ಕ

ವಿಮಾನವು ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ ಭೂಸ್ಪರ್ಶಕ್ಕೆ ಬರುತ್ತದೆ. ಎಂದರೆ ರನ್‌ವೇಯ ತುದಿಯಿಂದ 3 ಕಿ.ಮೀ. ದೂರದಲ್ಲಿ ಅದು ನೆಲದಿಂದ ಕೇವಲ 170 ಮೀಟರುಗಳಷ್ಟು ಎತ್ತರದಲ್ಲಿರುತ್ತದೆ. ಮುಂಬಯಿಯಲ್ಲಿ ವಿಮಾನಗಳು ಹೆಚ್ಚಾಗಿ ಪೂರ್ವದಿಕ್ಕಿನಿಂದ ಬಂದಿಳಿದು ಪಶ್ಚಿಮಕ್ಕೆ, ಸಮುದ್ರದತ್ತ ಏರಿಹೋಗುತ್ತವೆ. ಆದುದರಿಂದ ಘಾಟ್ಕೋಪರ್ ಕಡೆಯವರಿಗೆ ಇಳಿಯುವ ವಿಮಾನದ ಸಿಳ್ಳಿನಂತಹ ಸದ್ದು, ಪಾರ್ಲೆಯವರಿಗೆ ಏರುವ ವಿಮಾನದ ಗುಡುಗಿನಂತಹ ಸದ್ದು. ಈ ಭೇದವು ಮುಖ್ಯವಾದುದು. ಸಿಳ್ಳಿನಂತಹ ಎತ್ತರದ ಶ್ರುತಿಯ ಸದ್ದನ್ನು ತಡೆಯುವುದು ಸುಲಭ. ಗುಡುಗಿನಂತಹ ಮಂದ್ರಸ್ವರವನ್ನು ತಡೆಯುವುದು ಕಷ್ಟ.

ಸದ್ದನ್ನು ಅಳೆಯುವ ಡೆಸಿಬೆಲ್ ಮಾನವು ನಮ್ಮ ಸಾಮಾನ್ಯ ಕೂಡಿಸುವ ಕಳೆಯುವ ಲೆಕ್ಕಕ್ಕೆ ಒಗ್ಗುವುದಿಲ್ಲ. 10 ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಅರ್ಧವಾದಂತೆ ತೋರುತ್ತದೆ. ಆದರೆ ವಿಮಾನಗಳ ಸಂಖ್ಯೆಯೇ ಅರ್ಧವಾದರೂ ಸರಾಸರಿ ಸದ್ದು ಇಳಿಯುವುದು 3 ಡೆಸಿಬೆಲ್ ಮಾತ್ರ. 2018ರ ಡಿಸೆಂಬರಿನಲ್ಲಿ ಮುಂಬಯಿ ನಿಲ್ದಾಣವು ಒಂದೇ ದಿನ ಸಾವಿರಕ್ಕೂ ಮಿಕ್ಕಿ ವಿಮಾನಗಳನ್ನು ನಿಭಾಯಿಸಿತ್ತು. 2025ರ ಡಿಸೆಂಬರಿನಲ್ಲಿ ನವಿಮುಂಬಯಿ ನಿಲ್ದಾಣದಿಂದ ಹಾರಾಟ ಆರಂಭವಾದಾಗ ಇನ್ನು ಪಾರ್ಲೆಗೆ ನೆಮ್ಮದಿಯೆಂದು ಸಂತೋಷಪಟ್ಟವರಿಗೆ ಈ ಲೆಕ್ಕವು ತುಸು ನಿರಾಶೆಯನ್ನು ತರಬಹುದು. ಹೋಗುವ ವಿಮಾನಗಳು ಹೋದರೂ ಉಳಿದ ಪ್ರತಿಯೊಂದು ವಿಮಾನವೂ ಹಿಂದಿನಷ್ಟೇ ಸದ್ದು ಮಾಡುತ್ತದೆ.

ನಮ್ಮ ದೇಶದಲ್ಲಿ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಆದರೆ ವಿಮಾನ ನಿಲ್ದಾಣದ ಶಬ್ದವಲಯಕ್ಕೆ 2018ರಲ್ಲಿ ಬೇರೆಯೇ ಮಾನದಂಡವನ್ನು ಪ್ರಕಟಿಸಲಾಯಿತು. ದಟ್ಟಣೆಯ ನಿಲ್ದಾಣಗಳ ಬಳಿ ಹಗಲು 70, ರಾತ್ರಿ 65. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಶಾಖೆಯು ಅದೇ 2018ರಲ್ಲಿ ವಿಮಾನದ ಸದ್ದಿಗೆ ಸೂಚಿಸಿದ ಮಿತಿ ಇಡೀ ದಿನಕ್ಕೆ 45, ರಾತ್ರಿಗೆ 40. ಈ ಎರಡರ ನಡುವಿನ ಅಂತರವನ್ನು ನಿವಾಸಿಯು ತನ್ನ ಕಿಟಕಿಯಿಂದಲೇ ತುಂಬಿಕೊಳ್ಳಬೇಕಾಗಿದೆ ಎಂದರೆ ಉತ್ಪ್ರೇಕ್ಷೆಯಲ್ಲ. ಅಮೆರಿಕದಲ್ಲಿ ಹಗಲುರಾತ್ರಿಯ ಸರಾಸರಿ 65 ಡೆಸಿಬೆಲ್ ಮೀರಿದ ಪ್ರದೇಶದ ಅರ್ಹ ಮನೆಗಳಿಗೆ ಹೊಸ ಕಿಟಕಿ ಬಾಗಿಲುಗಳನ್ನು ಹಾಕಿಸಲು ಸರ್ಕಾರಿ ಅನುದಾನದ ವ್ಯವಸ್ಥೆಯಿದೆ. ಅಲ್ಲಿನ ಗುರಿ ಮನೆಯೊಳಗೆ 45.

ಮಕ್ಕಳ ಓದು, ಹಿರಿಯರ ನಿದ್ರೆ

ಜರ್ಮನಿಯ ಮ್ಯೂನಿಕ್ ನಗರದ ಹಳೆಯ ವಿಮಾನ ನಿಲ್ದಾಣವು 1992ರಲ್ಲಿ ಮುಚ್ಚಿ ಬೇರೆಡೆ ಹೊಸದು ತೆರೆಯಿತು. ಸಂಶೋಧಕರು ಎರಡೂ ಕಡೆಯ ಮಕ್ಕಳನ್ನು ಮೊದಲೂ ಬಳಿಕವೂ ಪರೀಕ್ಷಿಸಿದರು. ಹೊಸ ನಿಲ್ದಾಣದ ಬಳಿಯ ಮಕ್ಕಳ ಓದು ಮತ್ತು ಸ್ಮರಣೆ ಕುಗ್ಗಿದವು. ಹಳೆಯ ನಿಲ್ದಾಣದ ಬಳಿಯವರದು ಸುಧಾರಿಸಿತು. ಎಂದರೆ ಹಾನಿಯು ಶಾಶ್ವತವಲ್ಲ, ಸದ್ದು ತಗ್ಗಿದರೆ ಮಗು ಚೇತರಿಸಿಕೊಳ್ಳುತ್ತದೆ. ಈ ಒಂದು ಮಾತಿಗಾಗಿಯೇ ಮನೆಯ ರಿಪೇರಿಗೆ ಹಣ ತೊಡಗಿಸಬಹುದೆಂಬುದು ನಮ್ಮ ಅಭಿಪ್ರಾಯ. ಲಂಡನ್, ಆಮ್‌ಸ್ಟರ್‌ಡಾಮ್, ಮ್ಯಾಡ್ರಿಡ್ ನಿಲ್ದಾಣಗಳ ಬಳಿಯ ಶಾಲಾ ಮಕ್ಕಳನ್ನು ಕುರಿತ, 2005ರಲ್ಲಿ ಪ್ರಕಟವಾದ ಅಧ್ಯಯನವೂ ಓದಿ ಗ್ರಹಿಸುವ ಶಕ್ತಿಗೂ ವಿಮಾನದ ಸದ್ದಿಗೂ ನಂಟಿರುವುದನ್ನು ತೋರಿಸಿತು. ರಾತ್ರಿಯ ವಿಮಾನದ ಸದ್ದಿಗೂ ರಕ್ತದೊತ್ತಡಕ್ಕೂ ಇರುವ ಸಂಬಂಧವನ್ನು ಯುರೋಪಿನ 2008ರ ಅಧ್ಯಯನವೊಂದು ಗುರುತಿಸಿದೆ. "ನಮಗೆ ಅಭ್ಯಾಸವಾಗಿಬಿಟ್ಟಿದೆ" ಎನ್ನುವವರು ಗಮನಿಸಬೇಕಾದುದೇನೆಂದರೆ, ಮನಸ್ಸಿಗೆ ಅಭ್ಯಾಸವಾದರೂ ನಿದ್ರಿಸುವ ದೇಹವು ಪ್ರತಿ ಸದ್ದಿಗೂ ಪ್ರತಿಕ್ರಿಯಿಸುತ್ತಲೇ ಇರುತ್ತದೆ.

ಸದ್ದು ನುಸುಳುವ ದಾರಿ

ಪ್ಲಾಸ್ಟರು ಮಾಡಿದ ಒಂಬತ್ತು ಅಂಗುಲದ ಇಟ್ಟಿಗೆ ಗೋಡೆಯು ಸುಮಾರು 50 ಡೆಸಿಬೆಲ್‌ಗಳಷ್ಟು ಸದ್ದನ್ನು ತಡೆಯುತ್ತದೆ. ಐದಂಗುಲದ ಕಾಂಕ್ರೀಟು ಚಾವಣಿಯೂ ಬಹುಮಟ್ಟಿಗೆ ಹಾಗೆಯೇ. ತೆರೆದ ಕಿಟಕಿಯದು 10ರಿಂದ 15 ಮಾತ್ರ. ಹಾಗಾದರೆ ತೊಂದರೆ ಎಲ್ಲಿದೆಯೆಂಬುದು ಸ್ಪಷ್ಟ. ನೂರು ಚದರಡಿಯ ಅತ್ಯುತ್ತಮ ಗೋಡೆಯಲ್ಲಿ ಒಂದೇ ಒಂದು ಚದರಡಿಯ ರಂಧ್ರವಿದ್ದರೆ ಆ ಇಡೀ ಗೋಡೆಯ ತಡೆಶಕ್ತಿಯು 50ರಿಂದ 20ಕ್ಕೆ ಕುಸಿಯುತ್ತದೆ. ಸದ್ದು ನೀರಿನಂತೆ, ಗೋಡೆ ಎಷ್ಟು ದಪ್ಪವೆಂದು ಕೇಳುವುದಿಲ್ಲ, ಸಂದಿ ಎಲ್ಲಿದೆಯೆಂದು ನೋಡುತ್ತದೆ.

ಮುಂಬಯಿಯ ಫ್ಲ್ಯಾಟುಗಳಲ್ಲಿ ಎಲ್ಲೆಲ್ಲೂ ಕಾಣುವ ಅಲ್ಯೂಮಿನಿಯಂ ಜಾರುಕಿಟಕಿಯನ್ನು ತೆಗೆದುಕೊಳ್ಳಿ. ನಾಲ್ಕಡಿ ಚೌಕದ ಕಿಟಕಿಯ ಸುತ್ತ ಅಂಗುಲದ ಎಂಟನೆಯ ಒಂದು ಭಾಗದಷ್ಟು ಸಂದಿಯಿದ್ದರೂ ಒಟ್ಟು 24 ಚದರ ಅಂಗುಲವಾಯಿತು. ಅಂಗೈಯಗಲಕ್ಕಿಂತ ದೊಡ್ಡ ರಂಧ್ರವನ್ನು ಸದಾ ತೆರೆದಿಟ್ಟಂತೆ. ನಾವು ಕಂಡ ಒಂದು ಮನೆಯವರು ಸಾಕಷ್ಟು ಹಣ ತೆತ್ತು ದಪ್ಪ ಗಾಜನ್ನು ಹಾಕಿಸಿದ್ದರು. ಸದ್ದು ಇದ್ದಂತೆಯೇ ಇತ್ತು. ನೋಡಿದರೆ ಪಕ್ಕದಲ್ಲಿಯೇ ಕಿಟಕಿ ಮಾದರಿಯ ಹಳೆಯ ಎ.ಸಿ., ಅದರ ಸುತ್ತ ಪ್ಲೈವುಡ್ಡಿನ ತುಂಡು, ಅದಕ್ಕೂ ಗೋಡೆಗೂ ನಡುವೆ ಬೆರಳು ತೂರುವಷ್ಟು ಜಾಗ! ಎ.ಸಿ.ಯನ್ನು ತೆಗೆದು ಗೋಡೆಯನ್ನು ಇಟ್ಟಿಗೆಯಿಂದ ಮುಚ್ಚಿ ಸ್ಪ್ಲಿಟ್ ಮಾದರಿಯನ್ನು ಅಳವಡಿಸಿದ ಮೇಲೆಯೇ ಗಾಜಿನ ಹಣ ಸಾರ್ಥಕವಾಯಿತು.

ಆದ್ದರಿಂದ ಮೊದಲು ಸಂದಿಗಳ ಶೋಧನೆಯಾಗಲಿ. ಗಾಳಿಯಿರುವ ದಿನ ಕಿಟಕಿಬಾಗಿಲುಗಳನ್ನು ಮುಚ್ಚಿ, ಫ್ಯಾನನ್ನು ನಿಲ್ಲಿಸಿ, ಹಚ್ಚಿದ ಊದುಬತ್ತಿಯನ್ನು ಚೌಕಟ್ಟಿನ ಗುಂಟ ನಿಧಾನವಾಗಿ ಒಯ್ಯಿರಿ. ಹೊಗೆ ಅಲುಗಿದಲ್ಲೆಲ್ಲ ಸದ್ದಿಗೂ ದಾರಿಯಿದೆ. ಚೌಕಟ್ಟಿಗೂ ಗೋಡೆಗೂ ನಡುವಿನ ಬಿರುಕನ್ನು ಸಿಲಿಕೋನ್ ಅಂಟಿನಿಂದ, ಜಾರುವ ಭಾಗಗಳನ್ನು ರಬ್ಬರ್ ಪಟ್ಟಿಯಿಂದ ಮುಚ್ಚಬೇಕು. ಒಂದೇ ಎಚ್ಚರಿಕೆ: ಕೆಳಗಿನ ಹಳಿಯಲ್ಲಿ ಮಳೆನೀರು ಹೊರಹೋಗಲೆಂದು ಬಿಟ್ಟಿರುವ ಕಿಂಡಿಗಳನ್ನು ಮುಚ್ಚಿಬಿಟ್ಟರೆ ಜೂನ್ ತಿಂಗಳ ಮೊದಲ ಮಳೆಗೇ ನೀರು ಹಾಸಿಗೆಯ ಮೇಲಿರುತ್ತದೆ.

ಕಿಟಕಿಯ ಮೇಲೊಂದು ಕಿಟಕಿ

ಚೆನ್ನಾಗಿ ಮುಚ್ಚಿಕೊಳ್ಳುವ 6 ಮಿ.ಮೀ. ಗಾಜಿನ ಕಿಟಕಿಯು ಸುಮಾರು 30 ಡೆಸಿಬೆಲ್ ತಡೆಯಬಲ್ಲದು. ಎರಡು ಗಾಜುಗಳ ನಡುವೆ ಪಿವಿಬಿ ಎಂಬ ಪ್ಲಾಸ್ಟಿಕ್ ಪದರವಿರುವ ಲ್ಯಾಮಿನೇಟೆಡ್ ಗಾಜು ಇನ್ನೂ ಕೆಲವು ಡೆಸಿಬೆಲ್ ಹೆಚ್ಚು ತಡೆಯುತ್ತದೆ. ಆ ಪದರವು ಗಾಜಿನ ಕಂಪನವನ್ನು ಹೀರಿಕೊಳ್ಳುತ್ತದೆ. ಅಂಗಡಿಯವರು ಬಹಳವಾಗಿ ಹೊಗಳುವ "ಡಬಲ್ ಗ್ಲೇಜಿಂಗ್" ಬಗ್ಗೆ ಮಾತ್ರ ವಿವೇಕ ಬೇಕು. ಎರಡು ಗಾಜುಗಳ ನಡುವೆ 12 ಮಿ.ಮೀ. ಮಾತ್ರ ಅಂತರವಿರುವ ಈ ಮಾದರಿಯು ಶಾಖವನ್ನು ತಡೆಯಲೆಂದು ಹುಟ್ಟಿದುದು. ವಿಮಾನದ ಮಂದ್ರಸ್ವರದ ಮುಂದೆ ಅದು ಒಂಟಿ ಗಾಜಿಗಿಂತ ಹೆಚ್ಚೇನೂ ಸಾಧಿಸುವುದಿಲ್ಲ.

ನಮ್ಮ ಮನೆಗಳಿಗೆ ಅತ್ಯಂತ ಉಪಯುಕ್ತವೆಂದು ನಮಗೆ ತೋರುವುದು ಈಗಿರುವ ಕಿಟಕಿಯನ್ನು ಹಾಗೆಯೇ ಬಿಟ್ಟು ಒಳಬದಿಯಲ್ಲಿ ಮತ್ತೊಂದು ಕಿಟಕಿಯನ್ನು ಇರಿಸುವ ವಿಧಾನ. ಎರಡರ ನಡುವೆ ಕನಿಷ್ಠ 100 ಮಿ.ಮೀ. ಅಂತರವಿರಲಿ. ಒಂಬತ್ತು ಅಂಗುಲದ ಗೋಡೆಯಲ್ಲಿ ಇದಕ್ಕೆ ಜಾಗವೂ ಸಿಗುತ್ತದೆ. ಎರಡು ಗಾಜುಗಳ ದಪ್ಪ ಬೇರೆ ಬೇರೆಯಾಗಿರಬೇಕು. ಒಂದೇ ದಪ್ಪದ ಗಾಜುಗಳು ಒಂದೇ ಶ್ರುತಿಗೆ ಸೋಲುತ್ತವೆ. ಒಳಗಿನದು ಜಾರುವ ಬದಲು ಬಾಗಿಲಿನಂತೆ ತೆರೆದು ರಬ್ಬರಿಗೆ ಒತ್ತಿ ಮುಚ್ಚಿಕೊಳ್ಳುವಂತಿದ್ದರೆ ಉತ್ತಮ. ಸರಿಯಾಗಿ ಮಾಡಿದಲ್ಲಿ 40 ಡೆಸಿಬೆಲ್ ತಡೆಯುವುದು ಅಸಾಧ್ಯವಲ್ಲ. ಹೊರಗೆ 85 ಇರುವ ವಿಮಾನದ ಸದ್ದು ಆಗ ಒಳಗೆ 45ರ ಆಸುಪಾಸಿನಲ್ಲಿರುತ್ತದೆ. ಕಟ್ಟಡದ ಹೊರರೂಪ ಬದಲಾಗದ ಕಾರಣ ಸೊಸೈಟಿಯ ಕಾರ್ಯದರ್ಶಿಗಳೊಡನೆ ವಾದವೂ ಕಡಿಮೆ. ಇಡೀ ಮನೆಗೆ ಮಾಡಿಸಬೇಕೆಂದಿಲ್ಲ. ಮಲಗುವ ಒಂದು ಕೋಣೆ, ಮಕ್ಕಳು ಓದುವ ಒಂದು ಕೋಣೆ ಸಾಕು.

ಕುರ್ಲಾ, ಸಾಕಿನಾಕಾ ಕಡೆಯ ಚಾಳುಗಳಲ್ಲಿ ಶೀಟಿನ ಮಾಡಿನಡಿ ವಾಸಿಸುವವರಿಗೆ ಕಿಟಕಿಯಿಂದ ಪ್ರಯೋಜನವಿಲ್ಲ. ಸದ್ದು ಮೇಲಿನಿಂದಲೇ ಇಳಿಯುತ್ತದೆ. ಅವರು ಮಾಡಿನ ಕೆಳಗೆ ಆರಂಗುಲ ಜಾಗ ಬಿಟ್ಟು, ರಾಕ್‌ವುಲ್ ತುಂಬಿ, ಎರಡು ಪದರ ಜಿಪ್ಸಂ ಹಲಗೆಯ ಒಳಚಾವಣಿಯನ್ನು ಕಟ್ಟಿಸಬೇಕು. ಸೆಖೆಯೂ ತಗ್ಗುವುದು ಇದರ ಮತ್ತೊಂದು ಲಾಭ.

ಥರ್ಮಕೋಲ್, ಮೊಟ್ಟೆಯ ತಟ್ಟೆ, ದಪ್ಪ ಪರದೆ ಮುಂತಾದವುಗಳಿಗೆ ಹಣ ಸುರಿಯಬೇಡಿ. ಸದ್ದನ್ನು ತಡೆಯಲು ತೂಕ ಬೇಕು, ಇವುಗಳಲ್ಲಿ ತೂಕವಿಲ್ಲ. ಪರದೆ, ಜಮಖಾನಗಳು ಕೋಣೆಯೊಳಗಿನ ಪ್ರತಿಧ್ವನಿಯನ್ನಷ್ಟೇ ತುಸು ತಗ್ಗಿಸುತ್ತವೆ. ಎತ್ತರದ ಕಾಂಪೌಂಡ್ ಗೋಡೆ, ಅಶೋಕ ಮರಗಳ ಸಾಲು ರಸ್ತೆಯ ಸದ್ದಿಗೆ ಒಂದಿಷ್ಟು ಅಡ್ಡಿಯಾದಾವು. ಆಕಾಶದಿಂದ ಬರುವುದಕ್ಕೆ ಏನು ಮಾಡಿಯಾವು?

ಮುಚ್ಚುವ ಮುನ್ನ

ಈಗ ಎಲ್ಲಕ್ಕಿಂತ ಗಂಭೀರವಾದ ವಿಷಯ. ಸದ್ದು ಬಾರದಂತೆ ಮನೆಯನ್ನು ಬಿಗಿದಾಗ ಗಾಳಿಯೂ ಬಾರದು. ಅಡುಗೆಮನೆಯ ಗ್ಯಾಸ್ ಒಲೆಗೆ, ಅದಕ್ಕಿಂತ ಹೆಚ್ಚಾಗಿ ಸ್ನಾನದ ಮನೆಯ ಗ್ಯಾಸ್ ಗೀಸರಿಗೆ ಗಾಳಿಯ ಹರಿದಾಟ ಇರಲೇಬೇಕು. ಗಾಳಿಯಿಲ್ಲದ ಕಡೆ ಉರಿಯುವ ಗೀಸರು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವನ್ನು ಉಗುಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಅಲ್ಲಿಯೇ ಕುಸಿದು ಪ್ರಾಣ ಬಿಟ್ಟ ದುರಂತಗಳು ಈ ನಗರಗಳಲ್ಲಿ ಮತ್ತೆಮತ್ತೆ ನಡೆದಿವೆ. ಆದ್ದರಿಂದ ಅಡುಗೆಮನೆ ಹಾಗೂ ಸ್ನಾನದ ಮನೆಗಳ ಗಾಳಿಕಿಂಡಿಯನ್ನು ಎಂದಿಗೂ ಮುಚ್ಚಬೇಡಿ. ಅವುಗಳಿಗೂ ಮಲಗುವ ಕೋಣೆಗೂ ನಡುವಿನ ಬಾಗಿಲನ್ನು ಗಟ್ಟಿಮರದ್ದನ್ನಾಗಿ ಮಾಡಿ, ಅಂಚಿಗೆ ರಬ್ಬರ್ ಪಟ್ಟಿ ಹಾಕಿಸಿದರೆ ಸದ್ದು ಅಲ್ಲಿಯೇ ನಿಲ್ಲುತ್ತದೆ. ಗೀಸರನ್ನು ವಿದ್ಯುತ್ತಿನದಕ್ಕೆ ಬದಲಾಯಿಸುವುದು ಇನ್ನೂ ಕ್ಷೇಮ.

ಮಲಗುವ ಕೋಣೆಗೂ ಶುದ್ಧ ಗಾಳಿ ಬೇಕಷ್ಟೆ. ಸ್ಪ್ಲಿಟ್ ಎ.ಸಿ. ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ, ಹೊಸದನ್ನು ತರುವುದಿಲ್ಲ ಎಂಬುದು ಹಲವರಿಗೆ ತಿಳಿದಿಲ್ಲ. ಒಳಮೈಗೆ ರಾಕ್‌ವುಲ್ ಹೊದಿಸಿದ, ಎರಡು ತಿರುವುಗಳುಳ್ಳ ಕೊಳವೆಯ ಮೂಲಕ ಸಣ್ಣ ಫ್ಯಾನಿನಿಂದ ಗಾಳಿಯನ್ನು ಎಳೆದುಕೊಂಡರೆ ಗಾಳಿ ಬರುತ್ತದೆ, ಸದ್ದು ತಿರುವುಗಳಲ್ಲಿ ಸೊರಗುತ್ತದೆ.

ಹೊಸ ಕಟ್ಟಡಕ್ಕೆ ಸಹಿ ಹಾಕುವಾಗ

ಪಾರ್ಲೆ, ಸಾಂತಾಕ್ರೂಜ್, ಘಾಟ್ಕೋಪರ್‌ಗಳಲ್ಲಿ ನಮ್ಮವರ ಹಳೆಯ ಸೊಸೈಟಿಗಳು ಪುನರ್ನಿರ್ಮಾಣಕ್ಕೆ ಅಣಿಯಾಗಿವೆ. ಕಟ್ಟಡದ ಎತ್ತರಕ್ಕೆ ವಿಮಾನ ನಿಲ್ದಾಣ ಪ್ರಾಧಿಕಾರದ ಅನುಮತಿ ಬೇಕೆಂಬುದನ್ನು ಎಲ್ಲರೂ ಬಲ್ಲರು. ಸಭೆಗಳಲ್ಲಿ ಅದರದೇ ಚರ್ಚೆ. ಸದ್ದಿನ ಮಾತನ್ನು ಎತ್ತುವವರು ವಿರಳ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ 8ನೆಯ ಭಾಗದಲ್ಲಿ ಶಬ್ದನಿರೋಧಕ್ಕೆಂದೇ ಪ್ರತ್ಯೇಕ ಅಧ್ಯಾಯವಿದೆ. ಕಟ್ಟಿದ ಮೇಲೆ ಕಿಟಕಿ ಬದಲಾಯಿಸುವುದಕ್ಕಿಂತ ಕಟ್ಟುವಾಗಲೇ ಹಾಕಿಸುವುದು ಬಹಳ ಅಗ್ಗ. ಕಿಟಕಿಯ ಗಾಜಿನ ಬಗೆ ಮತ್ತು ದಪ್ಪ, ಅದು ಜಾರುವುದೋ ಒತ್ತಿ ಮುಚ್ಚುವುದೋ, ಎಷ್ಟು ಡೆಸಿಬೆಲ್ ತಡೆಯುವುದೆಂಬ ಪರೀಕ್ಷಾ ಪ್ರಮಾಣಪತ್ರ, ಮಲಗುವ ಕೋಣೆಗಳು ಹಾರಾಟದ ಪಥಕ್ಕೆ ಬೆನ್ನು ಮಾಡಿರುವ ನಕ್ಷೆ ಇವೆಲ್ಲವೂ ಒಪ್ಪಂದದ ಪರಿಶಿಷ್ಟದಲ್ಲಿ ಅಕ್ಷರರೂಪದಲ್ಲಿರುವಂತೆ, ಸಹಿ ಬೀಳುವ ಮೊದಲೇ, ಸದಸ್ಯರು ಮಹಾಸಭೆಯಲ್ಲಿ ಕೇಳಿ ಪಡೆಯಬೇಕು. ಬಿಲ್ಡರರ ಬಣ್ಣದ ಪುಸ್ತಿಕೆಯಲ್ಲಿ "ಸೌಂಡ್‌ಪ್ರೂಫ್" ಎಂದು ಅಚ್ಚಾಗಿದ್ದರೆ ಅದು ಒಪ್ಪಂದದ ಭಾಗವಾಗುವುದಿಲ್ಲ.